ಮಾಲಾರ್ಟಿಕ್‌ನ ಗೋರಿಯ ಮುಂದೆ ಒಂದು ತಿದ್ದುಪಡಿ

ನನ್ನ ಬಳಿ ಹತ್ತನೆಯ ತರಗತಿಯಲ್ಲಿ ಸಮಾಜ ವಿಜ್ಞಾನ ಓದಿದ ಶಿಷ್ಯರಿಗೆ ಈ ಲೇಖನವನ್ನು ಮುಖ್ಯವಾಗಿ ಬರೆಯುತ್ತಿದ್ದೇನೆ. ಬಂಧುಗಳು ಇದನ್ನು ಪ್ರವಾಸಕಥನವೆಂದು ಓದಿಕೊಳ್ಳಬಹುದು. ನಾಲ್ಕನೆಯ ಆಂಗ್ಲೋ-ಮೈಸೂರು ಯುದ್ಧದ ಪಾಠವನ್ನು ನಾನು ಹೇಗೆ ಮಾಡುತ್ತಿದ್ದೆನೆಂಬುದು ನಿಮ್ಮಲ್ಲಿ ಹಲವರಿಗೆ ನೆನಪಿರಬಹುದು. ಟಿಪ್ಪು ಸುಲ್ತಾನನು ಫ್ರೆಂಚರ ನೆರವು ಬೇಡಿ ಮಾರಿಷಸ್ ದ್ವೀಪಕ್ಕೆ ಗುಟ್ಟಾಗಿ ರಾಯಭಾರಿಗಳನ್ನು ಕಳುಹಿಸಿದ. ಅಲ್ಲಿನ ಗವರ್ನರ್ ಮಾಲಾರ್ಟಿಕ್ ಆ ಗುಟ್ಟನ್ನು ಡಂಗುರ ಹೊಡೆಸಿಬಿಟ್ಟ. ಇಲ್ಲಿಗೆ ಬಂದಾಗ ನಾನು ಡಸ್ಟರಿನಿಂದ ಮೇಜನ್ನು ತಮಟೆಯಂತೆ ಬಡಿದು, "ಕೇಳ್ರಪ್ಪೋ ಕೇಳಿ" ಎಂದು ಊರ ತಳವಾರನ ಧಾಟಿಯಲ್ಲಿ ಕೂಗುತ್ತಿದ್ದೆ. ತರಗತಿ ಗೊಳ್ಳೆಂದು ನಗುತ್ತಿತ್ತು. "ಇಂಥ ಮೂರ್ಖನನ್ನು ನಂಬಿ ಟಿಪ್ಪು ಕೆಟ್ಟ" ಎಂದು ಹೇಳಿ ಪಾಠ ಮುಂದುವರಿಸುತ್ತಿದ್ದೆ. ಮೂವತ್ತು ವರ್ಷ ಹೀಗೆಯೇ ನಡೆಯಿತು. ಈಗ ಅದನ್ನು ತಿದ್ದಬೇಕಾಗಿದೆ.

2019ರ ಅಕ್ಟೋಬರಿನಲ್ಲಿ ಮಗನೂ ಸೊಸೆಯೂ ನನ್ನನ್ನೂ ನನ್ನ ಶ್ರೀಮತಿಯನ್ನೂ ಮಾರಿಷಸ್‌ಗೆ ಕರೆದೊಯ್ದರು. ದ್ವೀಪದ ಉತ್ತರದ ಕಡಲತೀರದಲ್ಲಿ ಇಳಿದುಕೊಂಡಿದ್ದೆವು. ಒಂದು ಮಂಗಳವಾರ ಮಗ ನಮ್ಮಿಬ್ಬರಿಗಾಗಿ ಕಾರೊಂದನ್ನು ಗೊತ್ತುಮಾಡಿದ. ಚಾಲಕರೇ ಮಾರ್ಗದರ್ಶಕರೂ ಆಗಿದ್ದರು. ಸುಮಾರು ನಲವತ್ತೈದರ ವಯಸ್ಸು, ಬಿಳಿಯ ಅಂಗಿ, ಕಾರಿನ ಮುಂಗನ್ನಡಿಯ ಬಳಿ ಪುಟ್ಟ ಹನುಮಂತ. ಮನೆಯವರೊಡನೆ ದೂರವಾಣಿಯಲ್ಲಿ ಕ್ರಿಯೋಲ್, ನಮ್ಮೊಡನೆ ಭೋಜಪುರಿ ಬೆರೆತ ಹಿಂದಿ, ಕಷ್ಟವಾದಲ್ಲಿ ಇಂಗ್ಲಿಷ್. ನಾನು ನಿವೃತ್ತ ಉಪಾಧ್ಯಾಯನೆಂದು ತಿಳಿದೊಡನೆ "ಗುರುಜೀ" ಎನ್ನತೊಡಗಿದರು. ನನ್ನಾಕೆ "ಮಾಜಿ" ಆದಳು.

ಅವರ ಕೈಯಲ್ಲಿ ಆ ದಿನದ ಅಚ್ಚಾದ ಪಟ್ಟಿಯಿತ್ತು. ಪಾಂಪ್ಲೆಮೂಸಿನ ಸಸ್ಯೋದ್ಯಾನ, ರಾಜಧಾನಿ ಪೋರ್ಟ್ ಲೂಯಿಯ ಬಂದರು, ಕ್ಯೂರ್‌ಪೀಪಿನ ಜ್ವಾಲಾಮುಖಿ, ಗಂಗಾ ತಲಾವ್, ಶಾಮರೆಲ್ಲಿನ ಏಳು ಬಣ್ಣದ ಮಣ್ಣು. ಅದರಲ್ಲಿ ಮಾಲಾರ್ಟಿಕ್‌ನ ಗೋರಿ ಇರಲಿಲ್ಲ. ಅದು ಪೋರ್ಟ್ ಲೂಯಿಯ ಕುದುರೆ ಪಂದ್ಯದ ಮೈದಾನದಲ್ಲಿದೆಯೆಂದು ನಾನು ಊರಿನಲ್ಲಿಯೇ ಓದಿಕೊಂಡು ಬಂದಿದ್ದೆ. ಕೇಳಿದಾಗ ಚಾಲಕರು ಅಚ್ಚರಿಪಟ್ಟರು. ಅಲ್ಲಿಗೆ ಹೋಗಬೇಕಾದರೆ ಒಂದು ಸ್ಥಳ ಬಿಡಬೇಕೆಂದರು. ಸಸ್ಯೋದ್ಯಾನವನ್ನು ಬಿಡೋಣವೆಂದೆ. ಅಲ್ಲಿಯ ಕೊಳದಲ್ಲಿ ದೊಡ್ಡ ತಟ್ಟೆಯಂತೆ ಅಂಚು ಮಡಿಚಿಕೊಂಡ ತಾವರೆ ಎಲೆಗಳಿವೆಯಂತೆ. ಅವನ್ನು ನೋಡಲಾಗಲಿಲ್ಲವೆಂಬ ಆಕ್ಷೇಪಣೆ ನಮ್ಮ ಮನೆಯಲ್ಲಿ ಇಂದಿಗೂ ಇತ್ಯರ್ಥವಾಗಿಲ್ಲ.

ಮಾರಿಷಸ್ ದ್ವೀಪ ನಮ್ಮ ಬೆಂಗಳೂರು ನಗರ ಜಿಲ್ಲೆಗಿಂತಲೂ ಚಿಕ್ಕದು. ಇಷ್ಟು ಚಿಕ್ಕ ನೆಲಕ್ಕೆ ಮೂರು ಯುರೋಪಿಯನ್ ರಾಷ್ಟ್ರಗಳು ಒಂದರ ಹಿಂದೊಂದು ಬಂದವು. ಡಚ್ಚರು 1598ರಲ್ಲಿ ಇಳಿದು ತಮ್ಮ ರಾಜಕುಮಾರ ಮಾರಿಸ್‌ನ ಹೆಸರಿಟ್ಟರು. ಡೋಡೊ ಹಕ್ಕಿಯ ಸಂತತಿ ಅಳಿದದ್ದು ಅವರ ಕಾಲದಲ್ಲಿಯೇ. 1710ರಲ್ಲಿ ಅವರು ದ್ವೀಪವನ್ನೇ ತೊರೆದುಹೋದರು. 1715ರಲ್ಲಿ ಫ್ರೆಂಚರು ವಶಪಡಿಸಿಕೊಂಡು 'ಈಲ್ ದ ಫ್ರಾನ್ಸ್' ಎಂದು ಕರೆದರು. ಪೋರ್ಟ್ ಲೂಯಿಯನ್ನು ಬಂದರಾಗಿ ಕಟ್ಟಿದವನು 1735ರಲ್ಲಿ ಬಂದ ಗವರ್ನರ್ ಲಾಬೂರ್ಡೊನೆ. 1746ರಲ್ಲಿ ಇಲ್ಲಿಂದ ಹಡಗುಗಳನ್ನು ಕೊಂಡೊಯ್ದು ಮದ್ರಾಸನ್ನು ಇಂಗ್ಲಿಷರಿಂದ ಗೆದ್ದುಕೊಂಡವನೂ, ಡೂಪ್ಲೆಯೊಡನೆ ಜಗಳವಾಡಿದವನೂ ಅವನೇ. ಒಂದನೆಯ ಕರ್ನಾಟಿಕ್ ಯುದ್ಧದಲ್ಲಿ ನೀವು ಉರುಹೊಡೆದ ಹೆಸರು! ಬಂದರಿನ ಎದುರು ಅವನ ಪ್ರತಿಮೆ ನಿಂತಿದೆ. ಭಾರತದ ಭೂಪಟದಲ್ಲಿ ಕಾಣದ ಈ ದ್ವೀಪ ದಕ್ಷಿಣ ಭಾರತದ ಯುದ್ಧಗಳಿಗೆ ಹಿಂದಿನ ಕೋಣೆಯಂತಿತ್ತು.

ಕುದುರೆ ಪಂದ್ಯದ ಮೈದಾನದ ಹೆಸರು ಶಾಂ ದ ಮಾರ್ಸ್. ಮೊದಲು ಫ್ರೆಂಚ್ ಸೈನಿಕರ ಕವಾಯತಿನ ಬಯಲಾಗಿದ್ದುದನ್ನು ಇಂಗ್ಲಿಷರು 1812ರಲ್ಲಿ ಪಂದ್ಯದ ಬಯಲಾಗಿ ಮಾಡಿದರು. ಸುತ್ತ ಹಸುರು ಬೆಟ್ಟಗಳ ಗೋಡೆ, ನಡುವೆ ಹುಲ್ಲು, ಅಂಚಿನಲ್ಲಿ ಪ್ರೇಕ್ಷಕರ ಅಟ್ಟಣಿಗೆಗಳು. ಅಲ್ಲಿ ಒಂದು ಕಲ್ಲಿನ ಸ್ತಂಭ. ಅದರಡಿಯಲ್ಲಿ 1800ರ ಜುಲೈಯಲ್ಲಿ ತೀರಿಕೊಂಡ ಮಾಲಾರ್ಟಿಕ್ ಮಲಗಿದ್ದಾನೆ. ನಾವು ಹೋದಾಗ ಹುಡುಗರಿಬ್ಬರು ಅದರ ನೆರಳಿನಲ್ಲಿ ಕುಳಿತು ಏನನ್ನೋ ತಿನ್ನುತ್ತಿದ್ದರು. ಮೂವತ್ತು ವರ್ಷ ನಾನು ಹಾಸ್ಯ ಮಾಡಿದ ಮನುಷ್ಯ ನಿಜವಾಗಿಯೂ ಇದ್ದನೆಂಬ ಅರಿವು ಅಲ್ಲಿ ನಿಂತಾಗ ಉಂಟಾಯಿತು. ಪುಸ್ತಕದಲ್ಲಿ ಹೆಸರು ಓದುವುದು ಬೇರೆ, ಸಮಾಧಿಯ ಮುಂದೆ ನಿಲ್ಲುವುದು ಬೇರೆ.

ಚಾಲಕರಿಗೆ ಟಿಪ್ಪುವಿನ ಸಂಗತಿ ಗೊತ್ತಿರಲಿಲ್ಲ. "ಈತ ಒಳ್ಳೆಯ ಗವರ್ನರ್, ದ್ವೀಪವನ್ನು ಉಳಿಸಿದವನು ಎಂದು ಶಾಲೆಯಲ್ಲಿ ಕೇಳಿದ್ದೆ, ಗುರುಜೀ" ಎಂದರು. ಯಾರಿಂದ ಉಳಿಸಿದ ಎಂದು ಕೇಳಿದೆ. ಅವರು ನಕ್ಕು, "ಯಾರನ್ನು ಉಳಿಸಿದ ಎಂದೂ ಕೇಳಬೇಕು" ಎಂದರು. ಆ ಒಂದು ಮಾತನ್ನು ಹಿಡಿದು, ಊರಿಗೆ ಬಂದ ಮೇಲೆ ನಾನು ಮತ್ತೆ ಓದಬೇಕಾಯಿತು. ಓದಿದ್ದನ್ನು ಇಲ್ಲಿ ಬಿಡಿಸಿ ಹೇಳುತ್ತೇನೆ. ತಿದ್ದುಪಡಿ ಇರುವುದು ಇಲ್ಲಿಯೇ.

1792ರ ಶ್ರೀರಂಗಪಟ್ಟಣದ ಒಪ್ಪಂದದಲ್ಲಿ ಟಿಪ್ಪು ಅರ್ಧ ರಾಜ್ಯವನ್ನೂ ಮೂರು ಕೋಟಿಗೂ ಮಿಗಿಲಾದ ಹಣವನ್ನೂ ಒಪ್ಪಿಸಿ, ಇಬ್ಬರು ಮಕ್ಕಳನ್ನು ಒತ್ತೆಯಿಟ್ಟದ್ದನ್ನು ನೀವು ಬಲ್ಲಿರಿ. 1797ರಲ್ಲಿ ರಿಪೋ ಎಂಬ ಫ್ರೆಂಚ್ ನಾವಿಕನೊಬ್ಬ ಜಖಂಗೊಂಡ ಹಡಗಿನೊಡನೆ ಮಂಗಳೂರಿಗೆ ಬಂದ. ತಾನು ಮಾರಿಷಸ್ ಸರಕಾರದ ದೊಡ್ಡ ಅಧಿಕಾರಿಯೆಂದೂ ಅಲ್ಲಿ ಸೈನ್ಯ ಸಿದ್ಧವಾಗಿ ಕಾದಿದೆಯೆಂದೂ ಬಣ್ಣ ಕಟ್ಟಿ ಹೇಳಿದ. ಟಿಪ್ಪುವಿನ ಮಂತ್ರಿಗಳಲ್ಲಿ ಕೆಲವರು ಇವನನ್ನು ನಂಬಬಾರದೆಂದರು. ಟಿಪ್ಪು ನಂಬಿದ. ಶ್ರೀರಂಗಪಟ್ಟಣದಲ್ಲಿ ಫ್ರೆಂಚರು 'ಜಾಕೋಬಿನ್ ಕ್ಲಬ್' ಕಟ್ಟಿ ಸ್ವಾತಂತ್ರ್ಯ ವೃಕ್ಷ ನೆಟ್ಟರೆಂಬ ಕಥೆಯೂ ಇದೇ ವರ್ಷದ್ದು. ಅದರ ಕಾಗದಪತ್ರಗಳನ್ನು ಪ್ರಕಟಿಸಿದವರು ಇಂಗ್ಲಿಷರಾದ್ದರಿಂದ ಇತಿಹಾಸಕಾರರಲ್ಲಿ ಕೆಲವರು ಅದನ್ನು ಪೂರ್ತಿಯಾಗಿ ಒಪ್ಪುವುದಿಲ್ಲ. ನಾನು ಮಾತ್ರ ಆ ವೃಕ್ಷವನ್ನು ಕಣ್ಣಾರೆ ಕಂಡವನಂತೆ ಬಣ್ಣಿಸುತ್ತಿದ್ದೆ. ಅದನ್ನೂ ತಿದ್ದಿಕೊಳ್ಳಿ.

1798ರ ಜನವರಿಯಲ್ಲಿ ಟಿಪ್ಪುವಿನ ರಾಯಭಾರಿಗಳು ಪೋರ್ಟ್ ಲೂಯಿಯಲ್ಲಿ ಇಳಿದರು. ರಿಪೋ ಹೇಳಿದ ಸೈನ್ಯ ಅಲ್ಲಿರಲಿಲ್ಲ. ದ್ವೀಪದ ಕಾವಲಿಗೇ ಸಾಲದಷ್ಟು ಸೈನಿಕರಿದ್ದರು. ಇದರ ಹಿಂದೆ ಇನ್ನೊಂದು ಸಂಗತಿಯಿತ್ತು. 1794ರ ಫೆಬ್ರವರಿಯಲ್ಲಿ ಪ್ಯಾರಿಸ್ಸಿನ ಕ್ರಾಂತಿ ಸರಕಾರ ತನ್ನ ವಸಾಹತುಗಳಲ್ಲೆಲ್ಲ ಗುಲಾಮಗಿರಿಯನ್ನು ರದ್ದುಮಾಡಿತ್ತು. ಮಾರಿಷಸ್‌ನ ಫ್ರೆಂಚ್ ಜಮೀನುದಾರರು ಅದನ್ನು ಜಾರಿಗೆ ತರಲೇ ಇಲ್ಲ. 1796ರಲ್ಲಿ ಆದೇಶವನ್ನು ಹಿಡಿದುಕೊಂಡು ಬಾಕೊ, ಬ್ಯುರ್ನೆಲ್ ಎಂಬ ಇಬ್ಬರು ಪ್ರತಿನಿಧಿಗಳು ಬಂದಾಗ ಜಮೀನುದಾರರು ದೊಂಬಿಯೆದ್ದು, ಕೆಲವೇ ದಿನಗಳಲ್ಲಿ ಅವರನ್ನು ಹಡಗು ಹತ್ತಿಸಿ ಓಡಿಸಿದರು. ಆಗ ಗವರ್ನರ್ ಇದೇ ಮಾಲಾರ್ಟಿಕ್. ಅಂದರೆ ಟಿಪ್ಪು ಕ್ರಾಂತಿಕಾರಿ ಫ್ರಾನ್ಸಿನ ಮಿತ್ರತ್ವವನ್ನು ಬೇಡಿ ಜನ ಕಳುಹಿಸಿದ್ದು, ಆ ಕ್ರಾಂತಿಯ ಪ್ರತಿನಿಧಿಗಳನ್ನೇ ಹೊರಗಟ್ಟಿದ ದ್ವೀಪಕ್ಕೆ! ಪ್ಯಾರಿಸ್ಸಿನ ಆಜ್ಞೆಯನ್ನೇ ನಡೆಸದ ಊರಿನ ಗವರ್ನರನಿಗೆ ಶ್ರೀರಂಗಪಟ್ಟಣಕ್ಕೆ ಸೈನ್ಯ ಕಳುಹಿಸುವ ಶಕ್ತಿ ಎಲ್ಲಿಂದ ಬರಬೇಕು? ಅವನು ಉಳಿಸಿದ್ದು ಯಾರನ್ನು ಎಂಬ ಚಾಲಕರ ಪ್ರಶ್ನೆಗೂ ಉತ್ತರ ಇಲ್ಲಿಯೇ ಇದೆ. ಜಮೀನುದಾರರನ್ನು ಉಳಿಸಿದ. ಗುಲಾಮರು ಗುಲಾಮರಾಗಿಯೇ ಉಳಿದರು, ಇನ್ನೂ ಸುಮಾರು ನಲವತ್ತು ವರ್ಷ.

ಕೊಡಲು ಸೈನ್ಯವಿಲ್ಲದವನು ಜನವರಿ 30ರಂದು ಪ್ರಕಟಣೆ ಹೊರಡಿಸಿದ. ಟಿಪ್ಪುವಿನ ಸೇವೆಗೆ ಸ್ವಇಚ್ಛೆಯಿಂದ ಹೋಗುವವರು ಹೆಸರು ಕೊಡಬಹುದೆಂದು ಊರಿಗೆಲ್ಲ ಸಾರಿದ. ಸೈನಿಕರನ್ನು ಕಳುಹಿಸಲಾಗದಿದ್ದರೆ ಸ್ವಯಂಸೇವಕರನ್ನು ಕರೆಯಬೇಕು, ಕರೆಯಬೇಕಾದರೆ ಕೂಗಬೇಕು. ಇದು ಮೂರ್ಖತನವೆಂದು ಈಗ ನನಗೆ ತೋರುವುದಿಲ್ಲ. ಬಡವನ ಮನೆಗೆ ದೊಡ್ಡ ನೆಂಟರು ಬಂದಾಗ ನೆರೆಮನೆಗಳಲ್ಲಿ ಅಕ್ಕಿ ಕೇಳಿದ ಹಾಗೆ. ಹಾಗೆಂದು ಅವನನ್ನು ಪೂರ್ತಿಯಾಗಿ ಬಿಡುಗಡೆ ಮಾಡಲಾರೆ. ಸಮುದ್ರದಾಚೆ ಇಂಗ್ಲಿಷರು ಕಿವಿಯಾನಿಸಿ ಕುಳಿತಿದ್ದಾರೆಂದು ಅವನಿಗೆ ತಿಳಿಯದ ವಿಷಯವಲ್ಲ. ಅತಿಥಿಯ ಗುಟ್ಟಿಗಿಂತ ತನ್ನ ಅನುಕೂಲವೇ ಅವನಿಗೆ ದೊಡ್ಡದಾಯಿತು. ಕೂಗಿಗೆ ಓಗೊಟ್ಟವರು ಸುಮಾರು ನೂರು ಮಂದಿ. ಏಪ್ರಿಲ್ ತಿಂಗಳಲ್ಲಿ ಅವರು ಮಂಗಳೂರಿನಲ್ಲಿ ಇಳಿದರು. ಜೂನ್ ತಿಂಗಳಲ್ಲಿ ಪ್ರಕಟಣೆ ಕಲ್ಕತ್ತೆಯ ಪತ್ರಿಕೆಯಲ್ಲಿ ಅಚ್ಚಾಯಿತು. ಆಗತಾನೆ ಗವರ್ನರ್ ಜನರಲ್ ಆಗಿ ಬಂದಿದ್ದ ವೆಲ್ಲೆಸ್ಲಿಗೆ ಬೇಕಾಗಿದ್ದ ನೆಪ ಸಿಕ್ಕಿತು. 1799ರ ಮೇ 4ರಂದು ಕೋಟೆ ಬಿದ್ದಿತು, ಟಿಪ್ಪು ಮಡಿದ, ಕೋಟೆಯಲ್ಲಿದ್ದ ಫ್ರೆಂಚರು ಸೆರೆಯಾದರು. ನೂರು ಜನರಿಂದ ಯುದ್ಧ ಗೆಲ್ಲಲಾಗದು. ನೂರು ಜನರ ಹೆಸರಿನಲ್ಲಿ ಯುದ್ಧ ಹೂಡಬಹುದು.

ಪರೀಕ್ಷೆಯಲ್ಲಿ 'ಮಾಲಾರ್ಟಿಕ್‌ನ ಮೂರ್ಖತನ' ಎಂದು ಬರೆದವರಿಗೆ ನಾನು ಪೂರ್ಣ ಅಂಕ ಕೊಟ್ಟಿದ್ದೇನೆ. ಒಬ್ಬ ಹುಡುಗ ಮಾತ್ರ ಎದ್ದುನಿಂತು, "ಸಾರ್, ಅವರ ಹತ್ತಿರ ಸೈನ್ಯ ಇದ್ದಿದ್ದರೆ ಸುಮ್ಮನೆ ಕಳಿಸುತ್ತಿದ್ದರಲ್ಲ, ಯಾಕೆ ಸಾರಿದರು?" ಎಂದು ಕೇಳಿದ್ದ. ಪಠ್ಯದಲ್ಲಿ ಇಲ್ಲದ್ದು ನಿನಗೇಕೆ ಎಂದು ಕೂರಿಸಿದ್ದೆ. ಅವನು ಈಗ ಇದನ್ನು ಓದುತ್ತಿದ್ದರೆ, ಉತ್ತರ ತಡವಾಯಿತು, ಕ್ಷಮಿಸಬೇಕು.

ಮೈದಾನದ ಮೇಲ್ಗಡೆಯ ಗುಡ್ಡದಲ್ಲಿ ಅಡಿಲೇಡ್ ಕೋಟೆಯಿದೆ. ಚಾಲಕರು ತಾವಾಗಿಯೇ ಅಲ್ಲಿಗೆ ಕಾರು ಹತ್ತಿಸಿದರು. ಒಂದು ಕಡೆ ಮೈದಾನ, ಇನ್ನೊಂದು ಕಡೆ ಬಂದರು. ಇಂಗ್ಲಿಷರು 1810ರ ಡಿಸೆಂಬರಿನಲ್ಲಿ ದ್ವೀಪವನ್ನು ಗೆದ್ದರು. ಆ ದಂಡಿನಲ್ಲಿ ಭಾರತದಿಂದ ಬಂದ ಸಿಪಾಯಿಗಳೂ ಇದ್ದರು. ಈ ಕೋಟೆಯನ್ನು ಮಾತ್ರ ಕಟ್ಟಲಾರಂಭಿಸಿದ್ದು 1834ರಲ್ಲಿ. ಹೊರಗಿನ ಶತ್ರುವಿಗಷ್ಟೇ ಅಲ್ಲ, ಗುಲಾಮಗಿರಿ ರದ್ದಾಗುವುದನ್ನು ಸಹಿಸದ ಫ್ರೆಂಚ್ ಜಮೀನುದಾರರು ದಂಗೆಯೇಳಬಹುದೆಂಬ ಭಯಕ್ಕೆ. ದಂಗೆಯಾಗಲಿಲ್ಲ. 1835ರ ಫೆಬ್ರವರಿ 1ರಂದು ಗುಲಾಮಗಿರಿ ಕೊನೆಗೊಂಡಿತು. ಪರಿಹಾರವಾಗಿ 20 ಲಕ್ಷ ಪೌಂಡಿಗೂ ಹೆಚ್ಚು ಹಣ ಬಂದಿತು. ಅದು ಸಂದದ್ದು ಒಡೆಯರಿಗೆ. ಬಿಡುಗಡೆಯಾದವರಿಗೆ ಒಂದು ಕಾಸೂ ಇಲ್ಲ, ಮೇಲಾಗಿ ಇನ್ನೂ ಕೆಲವು ವರ್ಷ ಅದೇ ಒಡೆಯರ ಬಳಿ 'ಶಿಕ್ಷಾರ್ಥಿ'ಗಳಾಗಿ ದುಡಿಯಬೇಕೆಂಬ ಕಟ್ಟಳೆ. ಕಬ್ಬಿನ ಗದ್ದೆಗೆ ಬೇರೆ ಕೈಗಳು ಬೇಕಾದವು. ಆ ಕೈಗಳನ್ನು ನಮ್ಮ ದೇಶದಿಂದ ತರಿಸಿದರು.

ಬಂದರಿನ ಬಳಿ ಆಪ್ರವಾಸಿ ಘಾಟ್ ಇದೆ. ಹಿಂದೆ ಅದನ್ನು 'ಕೂಲಿ ಘಾಟ್' ಎನ್ನುತ್ತಿದ್ದರಂತೆ. 1834ರ ನವೆಂಬರ್ 2ರಂದು 'ಅಟ್ಲಾಸ್' ಎಂಬ ಹಡಗು ಕಲ್ಕತ್ತೆಯಿಂದ 36 ಮಂದಿ ಕರಾರು ಕೂಲಿಗಳನ್ನು ಈ ಬಂದರಿಗೆ ತಂದಿತು. ಛೋಟಾ ನಾಗ್ಪುರದ ಗುಡ್ಡಗಾಡಿನವರು. ಅಲ್ಲಿಂದ ಮುಂದೆ, 20ನೆಯ ಶತಮಾನದ ಆರಂಭದವರೆಗೆ, ಸುಮಾರು ನಾಲ್ಕೂವರೆ ಲಕ್ಷ ಜನ ಭಾರತೀಯರು ಬಂದರು. ಹೆಚ್ಚಿನವರು ಬಿಹಾರದವರು. ಮದ್ರಾಸಿನಿಂದ ತಮಿಳರು, ತೆಲುಗರು, ಮುಂಬಯಿಯಿಂದ ಮರಾಠಿಗರು. ಈಗ ಉಳಿದಿರುವ ಕಟ್ಟಡಗಳ ಬುಡ 1849ರ ಕಾಲದ್ದು. 2006ರಲ್ಲಿ ಯುನೆಸ್ಕೋ ಇದನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ನೋಡಲು ದೊಡ್ಡದೇನಲ್ಲ. ಕೆಲವು ಕಲ್ಲಿನ ಕೋಣೆಗಳು, ಅಡಿಗೆಮನೆಯ ಅವಶೇಷ, ನೀರಿನ ಕಡೆಯಿಂದ ಏರಿಬರುವ ಹದಿನಾರು ಮೆಟ್ಟಿಲು. ಅದರ ಎದುರು ಚಾಲಕರು ಚಪ್ಪಲಿ ಬಿಟ್ಟು ನಿಂತರು. ನನ್ನಾಕೆಯೂ ಬಿಟ್ಟಳು. ನಾನು ಸ್ವಲ್ಪ ಹೊತ್ತಿನ ಮೇಲೆ ಬಿಟ್ಟೆ.

ಅವರ ಮುತ್ತಜ್ಜನ ತಂದೆ ಈ ಮೆಟ್ಟಿಲು ಹತ್ತಿ ಬಂದವರು. ಮೋಕಾ ಊರಿನ ಮಹಾತ್ಮ ಗಾಂಧಿ ಸಂಸ್ಥೆಯಲ್ಲಿ ವಲಸೆಯ ದಾಖಲೆ ಪುಸ್ತಕಗಳಿವೆ. ಅಲ್ಲಿಂದ ಅವರ ಕುಟುಂಬ ಪಡೆದುಕೊಂಡ ಒಂದು ಪ್ರತಿಯನ್ನು ಮೊಬೈಲಿನಲ್ಲಿ ತೋರಿಸಿದರು. ಹೆಸರು, ತಂದೆಯ ಹೆಸರು, ಜಾತಿ, ಜಿಲ್ಲೆ, ಎತ್ತರ, ಮೈಮೇಲಿನ ಗುರುತು, ಹಡಗಿನ ಹೆಸರು, ಎಲ್ಲಕ್ಕೂ ಮೇಲೆ ಒಂದು ಸಂಖ್ಯೆ. "ನಮ್ಮ ಮನೆಯಲ್ಲಿ ಈ ಸಂಖ್ಯೆ ಎಲ್ಲರಿಗೂ ಬಾಯಿಪಾಠ, ಗುರುಜೀ. ಊರಿನ ಹೆಸರನ್ನು ಗುಮಾಸ್ತ ತಪ್ಪು ಬರೆದ. ಅದಕ್ಕೇ ಊರು ಸಿಗಲಿಲ್ಲ, ಸಂಖ್ಯೆ ಉಳಿಯಿತು" ಎಂದರು. ಗಂಡಾಳಿಗೆ ತಿಂಗಳಿಗೆ ಐದು ರೂಪಾಯಿ ಕೂಲಿ, ಜೊತೆಗೆ ದವಸ. ಒಂದು ದಿನ ಕೆಲಸಕ್ಕೆ ತಪ್ಪಿದರೆ ಎರಡು ದಿನದ ಕೂಲಿ ಕಡಿತ. 1867ರ ಕಾನೂನಿನ ನಂತರ, ಕರಾರು ಮುಗಿಸಿದವನೂ ತನ್ನ ಭಾವಚಿತ್ರವಿರುವ ಚೀಟಿಯಿಲ್ಲದೆ ಓಡಾಡಿದರೆ ಪೊಲೀಸರು ಹಿಡಿಯುತ್ತಿದ್ದರು. ಅಡಾಲ್ಫ್ ದ ಪ್ಲೆವಿಟ್ಜ್ ಎಂಬ ಯುರೋಪಿಯನ್ನನೊಬ್ಬ ಕೂಲಿಗಳ ಪರವಾಗಿ ಸಾವಿರಾರು ಸಹಿಗಳ ಮನವಿ ಬರೆದುಕೊಟ್ಟ. 1872ರಲ್ಲಿ ವಿಚಾರಣಾ ಆಯೋಗ ಬಂದಿತು. 1901ರಲ್ಲಿ ಗಾಂಧೀಜಿ ದಕ್ಷಿಣ ಆಫ್ರಿಕಾದಿಂದ ಮರಳುವ ದಾರಿಯಲ್ಲಿ ಕೆಲವು ದಿನ ಇಲ್ಲಿ ತಂಗಿದ್ದರು.

ನೂರು ಜನ ಫ್ರೆಂಚ್ ಸ್ವಯಂಸೇವಕರ ವಿಷಯದಲ್ಲಿ ನಾನು ಮೂವತ್ತು ವರ್ಷ ಮೇಜು ಬಡಿದೆ. ನಾಲ್ಕೂವರೆ ಲಕ್ಷ ನಮ್ಮವರ ವಿಷಯದಲ್ಲಿ ಒಂದು ಪೀರಿಯಡ್ಡನ್ನೂ ತೆಗೆದುಕೊಳ್ಳಲಿಲ್ಲ. ಪಠ್ಯದಲ್ಲಿ ಇರಲಿಲ್ಲವೆಂಬುದು ನೆಪ. ತಮಟೆಯೂ ಪಠ್ಯದಲ್ಲಿ ಇರಲಿಲ್ಲವಷ್ಟೆ.

ಆಮೇಲೆ ಕಾರು ದಕ್ಷಿಣಕ್ಕೆ ಹತ್ತತೊಡಗಿತು. ದಾರಿಯ ಎರಡೂ ಬದಿ ಕಬ್ಬು. ಮಂಡ್ಯದ ಕಡೆಯ ನನಗೆ ಕಬ್ಬು ಹೊಸದಲ್ಲ. ಹೊಸದಾಗಿ ಕಂಡದ್ದು ಗದ್ದೆಗಳ ನಡುವೆ ಪಿರಮಿಡ್ಡಿನಂತೆ ಒಟ್ಟಿದ ಕರಿಗಲ್ಲಿನ ರಾಶಿಗಳು. ಜ್ವಾಲಾಮುಖಿಯ ಕಲ್ಲುಗಳನ್ನು ಕೈಯಿಂದ ಆಯ್ದು ನೆಲ ಹದಮಾಡಿದವರ ಗುರುತು ಅವು. ಕ್ಯೂರ್‌ಪೀಪಿನ ಜ್ವಾಲಾಮುಖಿಯ ಬಾಯಿಯಲ್ಲಿ ಈಗ ಮರಗಳು, ತಳದಲ್ಲಿ ಸ್ವಲ್ಪ ನೀರು. ಮಂಜು ಮುಚ್ಚಿದ್ದರಿಂದ ಹೆಚ್ಚು ನಿಲ್ಲಲಿಲ್ಲ.

ಗಂಗಾ ತಲಾವ್ ನನ್ನಾಕೆಯ ಪಾಲಿನ ಸ್ಥಳ. ಬೆಟ್ಟಗಳ ನಡುವಿನ ಜ್ವಾಲಾಮುಖಿಯ ಕೊಳ, ದಂಡೆಯಲ್ಲಿ ದೇವಾಲಯಗಳು, ದಾರಿಯಲ್ಲಿ 108 ಅಡಿಯ ಶಿವ. "ನಮ್ಮ ಮುರ್ಡೇಶ್ವರದ ಶಿವ ಇದಕ್ಕಿಂತ ಎತ್ತರ" ಎಂದು ಆಕೆ ಚಾಲಕರಿಗೆ ತಿಳಿಸಿದಳು. 123 ಅಡಿ ಎಂದು ನಾನು ಲೆಕ್ಕ ಒದಗಿಸಿದೆ. ಅವರು ಸಂತೋಷವಾಗಿಯೇ ಒಪ್ಪಿಕೊಂಡರು. ಗಂಗೆಗೂ ಈ ಕೊಳಕ್ಕೂ ನೆಲದಡಿಯಲ್ಲಿ ಸಂಬಂಧವಿದೆಯೆಂದು ಪೂರ್ವಿಕರ ನಂಬಿಕೆ. 1897ರ ಸುಮಾರಿಗೆ ಅರ್ಚಕರೊಬ್ಬರಿಗೆ ಕನಸಾಯಿತಂತೆ. 1972ರಲ್ಲಿ ಗಂಗಾಜಲ ತಂದು ಸೇರಿಸಿದರು. ಮಹಾಶಿವರಾತ್ರಿಗೆ ಲಕ್ಷಾಂತರ ಜನ ದ್ವೀಪದ ಮೂಲೆಮೂಲೆಗಳಿಂದ ಕಾವಡಿ ಹೊತ್ತು ನಡೆದುಬರುತ್ತಾರೆ. ಭೂಗೋಳದ ಪಾಠ ಮಾಡಿದವನು ನೆಲದಡಿಯ ಗಂಗೆಯನ್ನು ಒಪ್ಪಲಾರ. ಊರಿನ ಹೆಸರನ್ನೂ ಕಳೆದುಕೊಂಡು ಬಂದ ಜನಕ್ಕೆ ಒಂದು ನದಿಯಾದರೂ ಜೊತೆಯಲ್ಲಿ ಬಂದಿದೆ ಎಂದುಕೊಂಡು ಸುಮ್ಮನೆ ತೀರ್ಥ ತೆಗೆದುಕೊಂಡೆ.

ಶಾಮರೆಲ್ಲಿನ ಏಳು ಬಣ್ಣದ ಮಣ್ಣು ಚೆನ್ನಾಗಿದೆ. ನನಗೆ ಐದು ಬಣ್ಣ ಕಂಡವು, ನನ್ನಾಕೆಗೆ ಏಳೂ ಕಂಡವು. ಇಳಿಜಾರಿನಲ್ಲಿ ಸಮುದ್ರ ಕಾಣಿಸುವ ಕಡೆ ಚಾಲಕರು ಕಾರು ನಿಲ್ಲಿಸಿ, ನೀರಿನಿಂದ ನೇರವಾಗಿ ಎದ್ದುನಿಂತ ಒಂದು ಬಂಡೆಬೆಟ್ಟವನ್ನು ತೋರಿಸಿದರು. ಅದು ಲ ಮೋರ್ನ್, 556 ಮೀಟರ್ ಎತ್ತರ. ಒಡೆಯರಿಂದ ತಪ್ಪಿಸಿಕೊಂಡ ಗುಲಾಮರು ಅದರ ಮೇಲೆ ಅಡಗಿರುತ್ತಿದ್ದರು. 1835ರಲ್ಲಿ ಬಿಡುಗಡೆಯ ಸುದ್ದಿ ಹೇಳಲು ಪೊಲೀಸರು ಹತ್ತಿಬರುತ್ತಿದ್ದುದನ್ನು ಕಂಡು, ಹಿಡಿಯಲು ಬಂದರೆಂದು ಭಾವಿಸಿ, ಮೇಲಿನಿಂದ ಹಾರಿ ಪ್ರಾಣ ಬಿಟ್ಟರೆಂದು ಜನ ಹೇಳುತ್ತಾರೆ. ಇದು ಬಾಯಿಂದ ಬಾಯಿಗೆ ಬಂದ ಕಥೆ. ಚಾಲಕರು ಅದನ್ನು ಬಹಳ ಮೆಲ್ಲಗೆ ಹೇಳಿದರು. ಅವರ ಅಜ್ಜಂದಿರ ಕಥೆಯಲ್ಲ ಅದು, ಅವರಿಗಿಂತ ಮೊದಲು ಅದೇ ಗದ್ದೆಗಳಲ್ಲಿ ದುಡಿದವರ ಕಥೆ. ಮಾಲಾರ್ಟಿಕ್‌ನ ಆಳ್ವಿಕೆಯಲ್ಲಿ ಬಿಡುಗಡೆಯಾಗಬಹುದಾಗಿದ್ದವರು ಮತ್ತು ಅವರ ಮಕ್ಕಳು. ಬೆಳಿಗ್ಗೆ ಕಂಡ ಗೋರಿಗೂ ಸಂಜೆ ಕಂಡ ಬೆಟ್ಟಕ್ಕೂ ನಡುವೆ ಎರಡು ಗಂಟೆಯ ದಾರಿಯಿಲ್ಲ.

ಪಶ್ಚಿಮದ ಕಡಲ ದಾರಿಯಲ್ಲಿ ಹಿಂದಿರುಗುವಾಗ ಕತ್ತಲಾಯಿತು. ನನ್ನಾಕೆ ಗಂಗಾ ತಲಾವಿನ ನೀರಿನ ಬಾಟಲಿಯನ್ನು ಮಡಿಲಲ್ಲಿಟ್ಟುಕೊಂಡು ನಿದ್ರಿಸಿದ್ದಳು. ಇಳಿಯುವಾಗ ಚಾಲಕರು ಒಂದು ಪುಟ್ಟ ಪುಸ್ತಕ ಕೊಟ್ಟು, ಆ ಸುಲ್ತಾನನ ಹೆಸರನ್ನೂ ಊರನ್ನೂ ಇಸವಿಯನ್ನೂ ಬರೆದುಕೊಡಬೇಕೆಂದರು. ಒಂಬತ್ತನೆಯ ತರಗತಿಯಲ್ಲಿರುವ ಮಗಳಿಗೆ ತೋರಿಸುತ್ತಾರಂತೆ, ಅವಳು ತನ್ನ ಟೀಚರನ್ನು ಕೇಳಲಿ ಎಂದು. ಇಂಗ್ಲಿಷಿನಲ್ಲಿ ಬರೆದು, ಕೆಳಗೆ ಕನ್ನಡದಲ್ಲಿಯೂ 'ಶ್ರೀರಂಗಪಟ್ಟಣ, 1799' ಎಂದು ಬರೆದೆ. ಆ ಗುಂಡು ಅಕ್ಷರಗಳನ್ನು ಅವರು ಕಾರಿನ ದೀಪದಲ್ಲಿ ಸ್ವಲ್ಪ ಹೊತ್ತು ನೋಡಿದರು. ಬಳಿಕ ನಾನು ನನ್ನ ಡೈರಿಯನ್ನು ತೆಗೆದು, ಅವರ ಮನೆಯವರಿಗೆಲ್ಲ ಬಾಯಿಪಾಠವಾಗಿರುವ ಆ ಸಂಖ್ಯೆಯನ್ನು ಹೇಳಿಸಿ ಬರೆದುಕೊಂಡೆ.